ಬಾಗಿಲಲ್ಲಿ ನಿಂತು ಹೇಳತಕ್ಕದ್ದು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸದಾ ನೇರಳೆ ಬಣ್ಣದಲ್ಲಿರುತ್ತಿದ್ದವು. ಸಹಿ ಬಾರದವರ ಹೆಬ್ಬೆಟ್ಟು ಹಿಡಿದು ಶಾಯಿಯ ಪ್ಯಾಡಿನ ಮೇಲೊಮ್ಮೆ, ಕಾಗದದ ಮೇಲೊಮ್ಮೆ ಮೆಲ್ಲಗೆ ಹೊರಳಿಸುವುದು ಅವರ ನಲವತ್ತು ವರ್ಷದ ಕಸುಬಿನ ಭಾಗ. ಸಾಬೂನು, ನಿಂಬೆಹಣ್ಣು, ಸೀಮೆಎಣ್ಣೆ ಯಾವುದಕ್ಕೂ ಆ ಬಣ್ಣ ಜಗ್ಗುತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ಅದೇ ಬೆರಳುಗಳಿಂದ ರೊಟ್ಟಿ ಮುರಿಯುವಾಗ ನನಗೆ ಮೊದಮೊದಲು ಒಂಥರಾ ಆಗುತ್ತಿತ್ತು. ಅದನ್ನು ಗಮನಿಸಿ, "ಬಣ್ಣ ನಂದಲ್ಲ ಬೇಟಿ, ಮಂದೀದು. ಹೊಟ್ಟಿಗಿ ಏನೂ ಆಗಲ್ಲ, ಉಣ್ಣು" ಎಂದು ತಮ್ಮ ಡಬ್ಬಿಯಿಂದಲೇ ನನಗೆ ಪುಂಡಿಪಲ್ಯ ಬಡಿಸುತ್ತಿದ್ದರು.

ಬೀದರ್‌ನಲ್ಲಿ ಕಚೇರಿಗಳಿರುವ ರಸ್ತೆಯ ಪಕ್ಕ ಬಾಂಡ್ ರೈಟರ್‌ಗಳ ಅಂಗಡಿಗಳ ಸಾಲೇ ಇದೆ. ಒಂದು ಮೇಜು, ಒಂದು ಕಂಪ್ಯೂಟರ್, ಗಿರಾಕಿಗಳಿಗೊಂದು ಬೆಂಚು, ಇಷ್ಟಾದರೆ ಅಂಗಡಿ ಆಯಿತು. ಅವರದು ಆ ಸಾಲಿನಲ್ಲಿ ಮೂರನೆಯದು. ಇಡೀ ರಸ್ತೆಗೆ ಅವರು ಕಾಕಾ. ದಿನಾ ಭಾಲ್ಕಿಯಿಂದ ಬಂದು ಹೋಗುತ್ತಿದ್ದರು. ನಾನು ಅವರ ಹತ್ತಿರ ಟೈಪಿಸ್ಟ್. ಅದಕ್ಕೂ ಮೊದಲು ಎರಡು ವರ್ಷ ಬೀದರ್ ಪಕ್ಕದ ಕೊಳಾರದ ಒಂದು ಗೋದಾಮಿನ ಆಫೀಸಿನಲ್ಲಿ ಇಂಗ್ಲಿಷ್ ಕರಾರುಗಳನ್ನು ಟೈಪ್ ಮಾಡಿದ್ದೆ. ಹಾಗಾಗಿ ಕಾಯಿದೆಯ ಭಾಷೆ ಎಂದರೆ ಹೇಗಿರಬೇಕೆಂದು ನನಗೆ ಗೊತ್ತಿದೆ ಎಂಬ ಸೊಕ್ಕು ಇತ್ತು. ಈ ಸೊಕ್ಕಿನ ಮಾತು ಮುಂದೆ ಬರುತ್ತದೆ, ಬೇಡವೆಂದರೂ ಬರುತ್ತದೆ.

ಕಾಕಾ ಬರೆಸುತ್ತಿದ್ದ ಕರಾರು ಯಾವುದೇ ಇರಲಿ, ಮನೆ ಕಟ್ಟುವುದಿರಲಿ, ಮದುವೆಗೆ ಬಾಜಾ ಬಾರಿಸುವುದಿರಲಿ, ಕೊನೆಯಲ್ಲಿ ಒಂದು ಕಲಮು ಇದ್ದೇ ಇರುತ್ತಿತ್ತು. "ಆಸ್ಮಾನಿ ಅಥವಾ ಸುಲ್ತಾನಿ ಕಾರಣದಿಂದ ಕರಾರಿನಂತೆ ನಡೆಯಲಾಗದಿದ್ದಲ್ಲಿ ಉಭಯತ್ರರಲ್ಲಿ ಯಾರೂ ಹೊಣೆಯಲ್ಲ." ನಮ್ಮ ಕಡೆ ಹಿರಿಯರ ಬಾಯಲ್ಲಿ ಈ ಜೋಡಿ ಮಾತು ಈಗಲೂ ಇದೆ. ಹೊಸಬರು ಬಂದು ಇದೇನು ಕಾಕಾ ಎಂದು ಕೇಳಿದರೆ ಅವರು ಕನ್ನಡಕ ಹಣೆಗೇರಿಸಿ ವಿವರಿಸುತ್ತಿದ್ದರು. "ಆಸ್ಮಾನಿ ಅಂದ್ರ ಮ್ಯಾಲಿಂದ ಬರೋದು. ಮಳಿ, ಸಿಡ್ಲು, ಬ್ಯಾನಿ, ಸಾವು. ಸುಲ್ತಾನಿ ಅಂದ್ರ ಸರ್ಕಾರದಿಂದ ಬರೋದು. ಹುಕುಂ, ಬಂದ್, ಕರ್ಫ್ಯೂ. ಇವೆರಡೂ ನಮ್ಮ ಕೈಯಾಗ ಇಲ್ರಿ. ಅದಕ್ಕ ಮಾಫಿ ಅದ."

ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಆ ಕಲಮಿನ ಬೆನ್ನಿಗೆ ಅವರದೇ ಒಂದು ಸಾಲು ಇತ್ತು. ಆ ರಸ್ತೆಯಲ್ಲಿ ಬೇರೆ ಯಾರೂ ಅದನ್ನು ಬರೆಯುತ್ತಿರಲಿಲ್ಲ. "ಆದರೆ ಆಗದೆಂದು ತಿಳಿದ ಕೂಡಲೇ, ಆಗದವನು ತಾನೇ ಹೋಗಿ, ಎದುರಿನವರ ಬಾಗಿಲಲ್ಲಿ ನಿಂತು, ಬಾಯಿಂದ ಹೇಳತಕ್ಕದ್ದು; ಹೇಳದಿದ್ದಲ್ಲಿ ಈ ಮಾಫಿ ಇಲ್ಲ." ಈಚೆಗೆ ನನ್ನ ಒತ್ತಾಯಕ್ಕೆ, ಮನಸ್ಸಿಲ್ಲದ ಮನಸ್ಸಿನಿಂದ, "ಅಥವಾ ಫೋನ್ ಮಾಡಿ" ಎಂದು ಸೇರಿಸಿದ್ದರು. ಫೋನಿನಲ್ಲಿ ಹೇಳುವವನ ಮುಖ ಕಾಣುವುದಿಲ್ಲ ಎಂಬುದು ಅವರ ತಕರಾರು.

ಒಮ್ಮೆ ಬಗದಲ್‌ನ ಬ್ಯಾಂಡ್ ಮಾಸ್ತರ ಬಂದಿದ್ದ. ತನ್ನ ತಂಡದ ಒಬ್ಬನ ಹೆಂಡತಿ ಹೆರಿಗೆಗೆ ಕೂತರೆ ಅದು ಆಸ್ಮಾನಿಯೋ ಸುಲ್ತಾನಿಯೋ ಎಂದು ಕೇಳಿದ. "ಒಂಬತ್ತು ತಿಂಗಳು ಮೊದಲೇ ಗೊತ್ತಾಗೋದು ಎರಡೂ ಅಲ್ಲಪ್ಪ. ಬ್ಯಾರೆದಾವಗ ಈಗಲೇ ಹೇಳಿ ಇಟ್ಕೋ" ಎಂದರು ಕಾಕಾ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಮಾಸ್ತರ ಮಾತ್ರ ನಗದೆ ಬೆರಳು ಮಡಚಿ ತಿಂಗಳು ಎಣಿಸತೊಡಗಿದ.

ಆ ಸಾಲು ಬರೀ ಮುದುಕರ ಚಟವಲ್ಲ ಎಂಬುದಕ್ಕೆ ಒಂದು ಸಂಗತಿ ನಾನೇ ಕೇಳಿದ್ದೇನೆ. ಭಾಲ್ಕಿಯ ಒಂದು ಮದುವೆಗೆ ಪೆಂಡಾಲ್ ಹಾಕಿದ್ದವನು ಮುಂಜಾನೆ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಹೆಣ್ಣಿನ ಮನೆ ಬಾಗಿಲಿಗೆ ಬಂದು ನಿಂತ. ಗಾಳಿಗೆ ಪೆಂಡಾಲ್ ಹಾರಿ ಪಕ್ಕದ ಹೊಲದಲ್ಲಿ ಬಿದ್ದಿತ್ತು. "ಬಂದು ಹೇಳಬೇಕಂತ ಕಾಕಾ ಬರೆಸ್ಯಾರ್ರಿ, ಅದಕ್ಕ ಬಂದೀನಿ" ಎಂದು ನಡುಗುತ್ತ ಹೇಳಿದನಂತೆ. ಇನ್ನೂ ಆರು ಗಂಟೆ. ಹುಡುಗಿಯ ಅಪ್ಪ ಬೈಯುವುದು ಬಿಟ್ಟು ಅವನಿಗೆ ಟವೆಲ್ ಕೊಟ್ಟ. ಎಲ್ಲರೂ ಸೇರಿ ಶಾಲೆಯ ಬೀಗ ತೆಗೆಸಿದರು, ಹತ್ತಕ್ಕೆಲ್ಲ ಅಕ್ಷತೆ ಬಿತ್ತು. ಆ ಹುಡುಗಿಯ ಅಪ್ಪನೇ ಅಂಗಡಿಗೆ ಪೇಡಾ ತಂದು ಈ ಕಥೆ ಹೇಳಿದ್ದು. ಕಾಕಾ ಆ ದಿನವಿಡೀ ಬೀಗುತ್ತಿದ್ದರು, ಸಂಜೆಗೆ ನನಗೆ ಸಾಕುಬೇಕಾಗಿತ್ತು.

ಬರೆದದ್ದನ್ನು ಓದಿ ಹೇಳುವುದು ಅವರ ಇನ್ನೊಂದು ಪದ್ಧತಿ. ಸಹಿಗೆ ಮೊದಲು ಕಾಗದ ಕೈಯಲ್ಲಿ ಹಿಡಿದು, ಎದ್ದು ನಿಂತು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಕನ್ನಡದಲ್ಲಿ ಓದುವರು. ಎದುರಿಗಿದ್ದವರು ಮರಾಠಿಯವರಾದರೆ ಮರಾಠಿಯಲ್ಲಿ, ಮುಸ್ಲಿಮರಾದರೆ ದಖನಿಯಲ್ಲಿ ಮತ್ತೊಮ್ಮೆ. ಪಕ್ಕದ ಅಂಗಡಿಗಳಲ್ಲಿ ಅಷ್ಟು ಹೊತ್ತಿಗೆ ಮೂರು ಕಾಗದ ಮುಗಿಯುತ್ತಿದ್ದವು. ಕಾಕಾ ಓದಿದ್ದೇ ಬರೆದದ್ದು, ಬರೆದದ್ದೇ ಓದಿದ್ದು ಎಂದು ಔರಾದ್ ಗಡಿಯ ಹಳ್ಳಿಗಳಿಂದಲೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರ ಗಳಿಕೆ ಎಂದರೆ ಇದೊಂದೇ.

ಲಾಕ್‌ಡೌನಿಗೆ ನಾಲ್ಕೈದು ತಿಂಗಳ ಮುಂಚೆ, ಔರಾದ್ ಕಡೆಯ ಚಿಂತಾಕಿಯಿಂದ ಒಬ್ಬ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಪಂಚಾಯ್ತಿಯಲ್ಲಿ ನಲ್ಲಿಗೆ ನೀರು ಬಿಡುವ ಕೆಲಸ ಅವನದು. ತಾಯಿಗೆ ಎರಡೂ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆ ಎರಡು ಸಲ ಬೀದರ್ ಆಸ್ಪತ್ರೆಗೆ ಬಂದು ಡಯಾಲಿಸಿಸ್ ಮಾಡಿಸಲೇಬೇಕಿತ್ತು. ಬಸ್ಸಿನಲ್ಲಿ ಆಗುತ್ತಿರಲಿಲ್ಲ. ಬಾಡಿಗೆ ಗಾಡಿಯವರು ಮದುವೆ ಸಿಕ್ಕರೆ ಇವರನ್ನು ಬಿಟ್ಟು ಹೋಗಿಬಿಡುತ್ತಿದ್ದರು. ಅದಕ್ಕೇ ಔರಾದ್‌ನ ಒಬ್ಬ ವ್ಯಾನಿನವನನ್ನು ಒಪ್ಪಿಸಿ, ವರ್ಷದ ಮಟ್ಟಿಗೆ ತಪ್ಪದೆ ಬರುವಂತೆ ಕರಾರು ಮಾಡಿಸಲು ಅವನನ್ನೂ ಕರೆತಂದಿದ್ದ. ವ್ಯಾನಿನವನೂ ಒಳ್ಳೆಯವನೇ, ಮೆತ್ತಗಿನ ಮನುಷ್ಯ. ಯಾರಿಗೂ ಇಲ್ಲ ಅನ್ನಲಾಗದವನು.

ತಾಯಿ ಬೆಂಚಿನ ತುದಿಗೆ ಕೂತಿದ್ದಳು. ಹಸಿರು ಸೀರೆ, ಊದಿದ ಪಾದ, ಮಡಿಲಲ್ಲಿ ಒಂದು ಕೈಚೀಲ. ನಾನು ನೀರಿನ ಗ್ಲಾಸು ಕೊಟ್ಟರೆ ಅರ್ಧ ಚೆಲ್ಲಿಸಿ ಅರ್ಧ ಇಸಿದುಕೊಂಡಳು. "ನಂದು ಅಳತೀ ನೀರು, ತಂಗಿ. ಮಗ ಊರಿಗೆಲ್ಲ ನೀರು ಬಿಡ್ತಾನ, ನನಗ ಮಾತ್ರ ಅಳದು ಕೊಡ್ತಾನ" ಎಂದು ಮಗನ ಕಡೆ ನೋಡಿ ನಕ್ಕಳು. ಮೂರು ಗುಟುಕನ್ನು ಮೂರು ಸಲ ಬಾಯಲ್ಲಿ ಆಡಿಸಿ ನುಂಗಿದಳು. ಅವಳನ್ನು ಹನ್ನೊಂದರ ಒಳಗೆ ಆಸ್ಪತ್ರೆಗೆ ಮುಟ್ಟಿಸಬೇಕಿತ್ತು, ಹೊತ್ತು ತಪ್ಪಿದರೆ ಮಿಷಿನ್ ಇನ್ನೊಬ್ಬರಿಗೆ ಹೋಗುತ್ತಿತ್ತು. ಆಗ ಹತ್ತೂ ಕಾಲು ಆಗಿತ್ತು.

ಕಾಕಾ ಬಾಯಲ್ಲಿ ಹೇಳಿದರು, ನಾನು ಟೈಪ್ ಮಾಡಿದೆ. ಪ್ರಿಂಟ್ ಕೊಡುವ ಹೊತ್ತಿಗೆ ಕರೆಂಟು ಹೋಯಿತು. ಯುಪಿಎಸ್ ಕುಂಯ್‌ಗುಟ್ಟತೊಡಗಿತು, ಅದು ಐದು ನಿಮಿಷದ ಮಾಲು. ಪರದೆಯ ಮೇಲೆ ನೋಡಿದರೆ ಬರಹವೆಲ್ಲ ಎರಡು ಪುಟಕ್ಕೆ ತುಂಬಿ, ಸಹಿಯ ಜಾಗ ಮೂರನೆಯ ಪುಟಕ್ಕೆ ಜಾರಿತ್ತು. ಸಹಿ ಮಾತ್ರ ಒಂಟಿಯಾಗಿ ಬೇರೆ ಹಾಳೆಯಲ್ಲಿ ಇರಬಾರದೆಂಬುದು ಕಾಕಾ ಅವರ ಕಟ್ಟಪ್ಪಣೆ. ಒಂಟಿ ಹಾಳೆಯನ್ನು ಯಾರು ಬೇಕಾದರೂ ಬೇರೆ ಕಾಗದಕ್ಕೆ ಅಂಟಿಸಿಬಿಡಬಹುದು. ಎರಡು ಸಾಲು ತೆಗೆದರೆ ಎಲ್ಲ ಸರಿಹೋಗುತ್ತಿತ್ತು. ಕೊಳಾರದಲ್ಲಿ ನಾನು ಟೈಪ್ ಮಾಡಿದ ಯಾವ ಕರಾರಿನಲ್ಲೂ ಬಾಗಿಲಲ್ಲಿ ನಿಂತು ಬಾಯಿಂದ ಹೇಳುವ ಮಾತು ಇರಲಿಲ್ಲ. ಇದೇನು ಕಾಯಿದೆಯೇ, ಮುದುಕರ ಹಟ ಎಂದುಕೊಂಡೆ. ಆ ಸಾಲನ್ನು ಅಳಿಸಿದೆ. ಸಹಿಯ ಜಾಗ ಮೇಲೆ ಬಂದು ಕೂತಿತು, ಪ್ರಿಂಟ್ ಹೊರಬಂತು, ಯುಪಿಎಸ್ ಸತ್ತಿತು. ಹಾಳೆ ಕೊಡುವಾಗ ಒಂದು ಮಾತು ಹೇಳಿಬಿಡಬೇಕು ಎಂದುಕೊಂಡಿದ್ದೆ.

ಅಷ್ಟರಲ್ಲಿ ಕಾಕಾ ಹಾಳೆ ಕಿತ್ತುಕೊಂಡು ಎದ್ದು ನಿಂತು ಓದತೊಡಗಿದ್ದರು. ಕತ್ತಲೆಯಾದ ಅಂಗಡಿಯಲ್ಲಿ ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು, ಎಂದಿನಂತೆ ನಿಧಾನವಾಗಿ, ಒಂದೊಂದೇ ಕಲಮು. ಆಸ್ಮಾನಿ ಸುಲ್ತಾನಿಗೆ ಬಂದರು. ಅದು ಮುಗಿಯಿತು. ಆಮೇಲೆ ಒಂದು ಉಸಿರೂ ತಡವರಿಸದೆ ಓದಿದರು: "ಆದರೆ ಆಗದೆಂದು ತಿಳಿದ ಕೂಡಲೇ, ಆಗದವನು ತಾನೇ ಹೋಗಿ ಅಥವಾ ಫೋನ್ ಮಾಡಿ..." ಇಲ್ಲದ ಸಾಲನ್ನು ಕಾಗದದ ಮೇಲೆ ಕಣ್ಣಿಟ್ಟೇ ಓದುತ್ತಿದ್ದರು. ಅವರಿಗೆ ಅಕ್ಷರ ಕಾಣುತ್ತಿರಲಿಲ್ಲ, ಎಲ್ಲ ಬಾಯಿಪಾಠ. ಎಷ್ಟು ದಿನದಿಂದ ಹೀಗೋ ದೇವರೇ ಬಲ್ಲ. ತಾಯಿ ಕನ್ನಡ ತಿಳಿದರೂ ಮರಾಠಿ ತವರಿನವಳೆಂದು ಅವಳಿಗಾಗಿ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದರು, ಆ ಸಾಲನ್ನೂ ಸೇರಿಸಿ. ಅವಳು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಳು.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬಿಟ್ಟರೆ ಗಿರಾಕಿಗಳ ಎದುರು ಕಾಕಾ ಕಣ್ಣಿನ ಗುಟ್ಟು ಬಯಲಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ನನ್ನ ಕಳ್ಳತನ ಬಯಲಾಗುತ್ತದೆ ಎಂಬುದು ಉಳಿದರ್ಧ. ಹತ್ತೂವರೆ ದಾಟಿತ್ತು. ಮಗನೂ ವ್ಯಾನಿನವನೂ ಸಹಿ ಹಾಕಿದರು, ತಾಯಿ ಸಾಕ್ಷಿಯೆಂದು ಹೆಬ್ಬೆಟ್ಟು ಒತ್ತಿದಳು, ಎಲ್ಲರೂ ಲಗುಬಗೆಯಿಂದ ಆಸ್ಪತ್ರೆಗೆ ಹೋದರು. ಕರೆಂಟು ಹೋದದ್ದು ಆಸ್ಮಾನಿಯೇ ಸರಿ, ಅದಕ್ಕೆ ನಾನು ಹೊಣೆಯಲ್ಲ. ಹೇಳುವುದಂತೂ ನನ್ನ ಕೈಯಲ್ಲಿತ್ತು.

ವ್ಯಾನಿನವನು ತಿಂಗಳುಗಟ್ಟಲೆ ಒಂದು ದಿನವೂ ತಪ್ಪಿಸಲಿಲ್ಲ. ನಾನು ಆ ಸಾಲನ್ನು ಮರೆತೇಬಿಟ್ಟಿದ್ದೆ. ಆಮೇಲೆ ಎಲ್ಲವೂ ಬಂದ್ ಆಯಿತು. ನಮ್ಮ ಅಂಗಡಿಗಳೂ ಮುಚ್ಚಿದವು, ಕಾಕಾ ಭಾಲ್ಕಿಯಲ್ಲಿ, ನಾನು ಬೀದರ್‌ನ ಮನೆಯಲ್ಲಿ. ಮತ್ತೆ ಬಾಗಿಲು ತೆರೆದ ವಾರವೇ ಚಿಂತಾಕಿಯ ಮಗ ಬಂದ. ಜೊತೆಗೆ ವ್ಯಾನಿನವನೂ ಇದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ತಾಯಿ ಜೊತೆಗೆ ಇರಲಿಲ್ಲ, ಇರುವ ಹಾಗೂ ಇರಲಿಲ್ಲ.

ಆದದ್ದು ಇಷ್ಟು. ಬಂದ್ ಆದ ಮೊದಲ ದಿನಗಳಲ್ಲೇ, ಚಿಕಿತ್ಸೆಯ ಹಿಂದಿನ ಸಂಜೆ, ಮಾಂಜ್ರಾ ಸೇತುವೆಯ ಹತ್ತಿರ ಪೊಲೀಸರು ವ್ಯಾನನ್ನು ತಡೆದು ವಾಪಸು ಕಳಿಸಿದ್ದರು. ಆಸ್ಪತ್ರೆಯ ಕಾಗದ ಇದ್ದವರನ್ನು ಬಿಡುತ್ತಿದ್ದರು, ಅದು ಇವನ ಹತ್ತಿರ ಇರಲಿಲ್ಲ. ನಾಳೆ ಹೋಗಲಾಗುವುದಿಲ್ಲ ಎಂದು ಅವನಿಗೆ ಸಂಜೆಯೇ ಗೊತ್ತಾಗಿತ್ತು. ಯಾರಿಗೂ ಇಲ್ಲ ಅನ್ನಲಾಗದವನು ಫೋನ್ ಬಂದ್ ಮಾಡಿ ಮಲಗಿಬಿಟ್ಟ. ಮರುದಿನ ಬೆಳಿಗ್ಗೆ ಆರರಿಂದ ತಾಯಿ ಕೈಚೀಲ ಹಿಡಿದು ಮನೆ ಮುಂದಿನ ಕಟ್ಟೆಯ ಮೇಲೆ ಕಾದಳು. ಮಧ್ಯಾಹ್ನ ಮಗ ಕೈಕಾಲು ಬಿದ್ದು ಬೇರೆ ಗಾಡಿ ಹುಡುಕಿದ, ಸಿಗಲಿಲ್ಲ. ಸಿಕ್ಕದ್ದು ಮೂರನೆಯ ದಿನ. ಆ ಹೊತ್ತಿಗೆ ಅವಳಿಗೆ ಉಸಿರಾಡಲು ಆಗುತ್ತಿರಲಿಲ್ಲ, ದಾರಿಯಲ್ಲೇ ಹೋದಳು.

"ನನಗ ಒಂದು ಪೈಸಾ ಬ್ಯಾಡ್ರಿ ಕಾಕಾ" ಎಂದ ಮಗ. "ಬೀಗರು, ಬಳಗ, ನನ್ನ ಸ್ವಂತ ಅಕ್ಕಗೋಳು, ಎಲ್ರೂ ನನಗೇ ಅಂತಾರ. ಮಗ ಇದ್ದೂ ಅವ್ವಗ ದವಾಖಾನಿಗಿ ಒಯ್ಯಲಿಲ್ಲ ಅಂತಾರ. ಇಂವ ಹಿಂದಿನ ಸಂಜಿಗೇ ಹೇಳಿದ್ರ ನಾ ಸರಪಂಚರ ಗಾಡಿ ಕೇಳ್ತಿದ್ದೆ, ಆಸ್ಪತ್ರಿ ಬುಕ್ಕು ನನ್ನ ಹಂತೇಕೇ ಇತ್ತು. ಇಂವ ಬಂದು ಹೇಳಬೇಕಿತ್ತು ಅಂತ ನೀವು ಬರೆಸೀರಿ. ಅದೊಂದು ಎಲ್ಲರ ಎದುರು ಓದಿ ತೋರಸ್ರಿ, ಅಷ್ಟೇ."

ಕಾಕಾ ಕಾಗದ ಇಸಿದುಕೊಂಡು ಎದ್ದು ನಿಂತರು. ಓದಿದರು. ಇಲ್ಲದ ಸಾಲನ್ನು ಅವತ್ತಿನಷ್ಟೇ ಸ್ಪಷ್ಟವಾಗಿ ಓದಿದರು. ವ್ಯಾನಿನವನು ತಲೆ ತಗ್ಗಿಸಿಕೊಂಡೇ ಕೇಳಿದ. "ನೀವು ಅವತ್ತೂ ಹಿಂಗೇ ಓದಿದ್ರಿ ಕಾಕಾ, ನಾ ಇಲ್ಲ ಅನ್ನಲ್ಲ. ಆದ್ರ ಆ ಮಾತು ಕಾಗದದಾಗ ಎಲ್ಲದ, ತೋರಸ್ರಿ. ನಮ್ಮ ಭಾವ ನೋಡ್ಯಾನ. ಇಲ್ಲಂತಾನ."

ಕಾಕಾ ಬೆರಳು ಹಾಳೆಯ ಮೇಲೆ ಮೇಲಿಂದ ಕೆಳಗೆ ಒಮ್ಮೆ ಹೋಯಿತು, ಮತ್ತೊಮ್ಮೆ ಹೋಯಿತು. ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಹಾಳೆಯನ್ನು ನನ್ನ ಮುಂದೆ ಇಟ್ಟರು. "ಬೇಟಿ, ಆ ಸಾಲು ತೋರಸು."

ಪಕ್ಕದ ಅಂಗಡಿಗಳವರೂ ಬಾಗಿಲಿಗೆ ಬಂದು ನಿಂತಿದ್ದರು. ನಾನು ಹಾಳೆ ನೋಡುವ ನಾಟಕ ಮಾಡಿದೆ. "ಇಲ್ಲರಿ ಕಾಕಾ" ಎಂದೆ. ಅವರು ನನ್ನ ಕಡೆ ತಿರುಗಿದರು. ಎಷ್ಟು ಕಾಣುತ್ತಿತ್ತೋ ಅಷ್ಟರಲ್ಲೇ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಆ ಮಗನ ಕಡೆ ತಿರುಗಿ ಕೈಮುಗಿದರು. "ನಾನೇ ಬರೆಸೋದು ಮರ್ತೀನಪ್ಪ. ಬಾಯಾಗ ಬಂತು, ಕಾಗದದ ಮ್ಯಾಲ ಬರಲಿಲ್ಲ. ತಪ್ಪು ನಂದು. ಟೈಪ್ ಮಾಡಿದವರಿಗಿ ಏನೂ ಗೊತ್ತಿಲ್ಲ."

ಟೈಪ್ ಮಾಡಿದವರ ಬಗ್ಗೆ ಯಾರೂ ಕೇಳಿರಲಿಲ್ಲ. ಅವರೇ ಮುಂದಾಗಿ ಸೇರಿಸಿದ ಮಾತು ಅದು. ನಾನು ಸುಮ್ಮನೆ ಕೂತಿದ್ದೆ.

ಕಾಕಾ ಓದುವುದೊಂದು ಬರೆಸುವುದೊಂದು ಎಂಬ ಮಾತು ಸಂಜೆಯೊಳಗೆ ಆ ರಸ್ತೆ ದಾಟಿತು. ಬಾಂಡ್ ರೈಟರ್‌ಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ವಾರಗಟ್ಟಲೆ ಬೆಂಚು ಖಾಲಿ ಇರುತ್ತಿತ್ತು. ಹಳೆಯ ಗಿರಾಕಿಗಳು ನಮ್ಮ ಅಂಗಡಿಯ ಮುಂದೆಯೇ ಹಾದು, ಮುಖ ಆಚೆ ತಿರುಗಿಸಿ ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಎರಡು ತಿಂಗಳಾದ ಮೇಲೆ ಒಂದು ದಿನ ಕಾಕಾ ತಮ್ಮ ಬುತ್ತಿ ಚೀಲ, ಕೊಡೆ ಎತ್ತಿಕೊಂಡು, "ನಾಳಿಂದ ನೀನೇ ನಡೆಸು, ಬೇಟಿ. ನನಗ ದಿನಾ ತಿರುಗಾಡೋದು ಆಗಲ್ಲ" ಎಂದರು. ಅಂಗಡಿಯ ಕೀಲಿ ಮೇಜಿನ ಮೇಲಿಟ್ಟು ಹೊರಟರು. ನನ್ನ ಹೊಟ್ಟೆಪಾಡು ಇವತ್ತಿಗೂ ಆ ಮೇಜಿನಿಂದಲೇ ನಡೆದಿದೆ.

ನಮ್ಮದು ಬೌದ್ಧ ಮನೆತನ. ಹುಣ್ಣಿಮೆಗೆ ಮನೆಮಂದಿಯೆಲ್ಲ ವಿಹಾರಕ್ಕೆ ಹೋಗಿ ಪಂಚಶೀಲ ಹೇಳುತ್ತೇವೆ. ನಾಲ್ಕನೆಯದು ಸುಳ್ಳಾಡುವುದಿಲ್ಲ ಎಂಬುದು. ಆ ವರ್ಷದಿಂದ ನಾಲ್ಕನೆಯದು ಬಂದಾಗ ನನ್ನ ಬಾಯಿ ಆಡುತ್ತದೆ, ದನಿ ಹೊರಡುವುದಿಲ್ಲ. ಅಂಗಡಿಯಲ್ಲೂ ಹಾಗೇ. ಕರೆಂಟು ಹೋಗಿ ಯುಪಿಎಸ್ ಕುಂಯ್‌ಗುಟ್ಟಿದರೆ ಸಾಕು, ಬೆಂಚಿನ ತುದಿಯಲ್ಲಿ ಹಸಿರು ಸೀರೆಯಲ್ಲಿ ಯಾರೋ ಕೂತಂತಾಗುತ್ತದೆ. ತಿರುಗಿ ನೋಡುತ್ತೇನೆ, ಯಾರೂ ಇರುವುದಿಲ್ಲ. ನೀರು ಕೇಳಿದವರಿಗೆ ಗ್ಲಾಸು ತುಂಬಿಸಿ ಕೊಡಲಾಗುವುದಿಲ್ಲ, ಅರ್ಧಕ್ಕೇ ನಿಲ್ಲಿಸುತ್ತೇನೆ. ಹೆದರಿಕೆ ಎಂದರೆ ದೆವ್ವದ್ದೇ ಇರಬೇಕೆಂದಿಲ್ಲ ಎಂದು ನನಗೆ ಗೊತ್ತಾದದ್ದು ಹೀಗೆ.

ತಡೆಯಲಾರದೆ ಒಂದು ಭಾನುವಾರ ಭಾಲ್ಕಿಗೆ ಹೋದೆ. ಕಾಕಾ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು, ಕಣ್ಣಿನ ಕೆಲಸ ಬೆರಳಿಗೆ ಬಂದಿತ್ತು. ನನ್ನ ಹೆಜ್ಜೆಯ ಸದ್ದಿಗೇ ಗುರುತು ಹಿಡಿದು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. "ಕಾಕಾ, ಆ ಸಾಲು ನಾನೇ..." ಎನ್ನುವಷ್ಟರಲ್ಲಿ ಕೈಯೆತ್ತಿ ತಡೆದರು.

"ಗೊತ್ತದ. ಬರೆಸಿದ್ದು ನನಗ ಮರಿತದೇನು? ನಲವತ್ತು ವರ್ಷ ಬರೆಸೀನಿ." ಒಂದೆರಡು ಕಾಯಿ ಸುಲಿದು ಮುಂದುವರಿದರು. "ನನ್ನ ಕಣ್ಣು ಹೋಗ್ಯಾವಂತ ನಾ ನಿನಗ ಹೇಳಿದ್ನೇನು? ಹೇಳಿದ್ರ ನೀನೇ ಓದ್ತಿದ್ದಿ, ಅಲ್ಲೇ ಸಿಗ್ತಿತ್ತು. ಗಿರಾಕಿ ಹೋಗ್ತಾವಂತ ಮುಚ್ಚಿಟ್ಟೆ. ಊರಿಗೆಲ್ಲ ಹೋಗಿ ಹೇಳ್ರಿ ಹೋಗಿ ಹೇಳ್ರಿ ಅಂತ ಬರೆಸಿ, ಬಾಜೂಕ ಕುಂತಾಕಿಗಿ ನಾ ಹೇಳಲಿಲ್ಲ."

ಚಿಂತಾಕಿಗೆ ಹೋಗಿ ಆ ಮಗನ ಎದುರು ಒಪ್ಪಿಕೊಂಡು ಬರುತ್ತೇನೆ ಎಂದೆ. ಅದನ್ನು ಕೇಳಿ ಅವರು ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರ ಕೈ ನಿಂತುಹೋಯಿತು. "ಬ್ಯಾಡ. ಚಿಂತಾಕಿಗಿ ಮಾತ್ರ ಹೋಗಬ್ಯಾಡ. ನನ್ನ ಮ್ಯಾಲ ಆಣಿ ಇಟ್ಟು ಹೂಂ ಅನ್ನು." ಯಾಕೆ ಎಂದು ಕೇಳಿದೆ. "ಯಾಕಂತ ಕೇಳಬ್ಯಾಡ" ಎಂದಷ್ಟೇ ಹೇಳಿದರು. ಜನ್ಮವಿಡೀ ಹೋಗಿ ಹೇಳಿ ಎಂದವರು ನನಗೊಬ್ಬಳಿಗೆ ಹೋಗಬೇಡ ಎಂದರು. ನಿಜ ಹೇಳುತ್ತೇನೆ, ನನಗೆ ಆಗ ಆದದ್ದು ಆಶ್ಚರ್ಯಕ್ಕಿಂತ ಹೆಚ್ಚಾಗಿ ನೆಮ್ಮದಿ. ತಕ್ಷಣ ಹೂಂ ಅಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಎಷ್ಟೋ ದಿನದ ಮೇಲೆ ನಿದ್ದೆ ಹತ್ತಿತು.

ಹೋದ ವರ್ಷ ಕಾಕಾ ತೀರಿಕೊಂಡರು. ನಾಲ್ಕು ದಿನ ಜ್ವರ, ಐದನೆಯ ದಿನ ಇಲ್ಲ. ಮಣ್ಣಿಗೆ ಬೀದರ್‌ನ ನಮ್ಮ ರಸ್ತೆಯಿಂದ ಹೋದವರು ಮೂವರೇ. ಹಿಂದೆ ಅವರು ನಕ್ಕು ನಗಿಸಿ ಬರೆಸಿಕೊಟ್ಟ ನೂರಾರು ಜನರಲ್ಲಿ ಯಾರೂ ಬರಲಿಲ್ಲ. ನಾನು ಎಷ್ಟು ಅತ್ತೆನೆಂದರೆ, ಅವರ ಮನೆಯವರೇ ನನಗೆ ಸಮಾಧಾನ ಹೇಳಬೇಕಾಯಿತು. ಅವರ ಹೆಸರನ್ನು ಕೆಡಿಸಿದವಳು ಅವರ ಹೆಣದ ಮುಂದೆ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು.

ಆಣೆ ಇನ್ನು ಅವರನ್ನು ಕಾಡುವುದಿಲ್ಲ ಎಂದು ತಿಂಗಳಾದ ಮೇಲೆ ಚಿಂತಾಕಿಗೆ ಹೋದೆ. ಅವರ ಹೆಸರನ್ನು ಒಬ್ಬನ ಎದುರಿಗಾದರೂ ತೊಳೆದುಕೊಟ್ಟೇನು ಎಂಬ ಆಸೆ. ಮಗ ನಲ್ಲಿ ಬಿಟ್ಟು ಆಗಷ್ಟೇ ಮನೆಗೆ ಬಂದಿದ್ದ. ಕಟ್ಟೆಯ ಮೇಲೆ ಕೂರಿ ಎಂದ. ಬಾಗಿಲಲ್ಲಿ ನಿಂತೇ ಹೇಳಿದೆ. ಸಾಲನ್ನು ಅಳಿಸಿದ್ದು ನಾನು, ಓದುವಾಗ ಸುಮ್ಮನಿದ್ದದ್ದು ನಾನು, ಕಾಕಾದು ಏನೂ ತಪ್ಪಿಲ್ಲ. ಬೈಯಲಿ, ಹೊಡೆಯಲಿ ಎಂದು ಕಾದೆ. ಅವನು ಎರಡನ್ನೂ ಮಾಡಲಿಲ್ಲ.

"ಕಾಗದದಾಗ ಇದ್ದಿಲ್ಲ ಅನ್ನೋದು ಅವ್ವಗ ಎಲ್ಲಿ ಗೊತ್ತಿತ್ತು, ಅಕ್ಕ" ಎಂದ. "ಆಕಿ ಕಾಕಾ ಓದಿದ್ದು ಕೇಳಿದ್ದಳು. ಅವತ್ತು ಮುಂಜಾನಿ ಎಂಟಕ್ಕೇ ನಾ ಅಂದೆ, ಅವ್ವಾ, ಇಂವ ಬರಂಗ ಕಾಣಲ್ಲ, ಬ್ಯಾರೆ ಗಾಡಿ ನೋಡ್ತೇನಿ ಅಂತ. ಆಗ ಸರಪಂಚರ ಗಾಡಿ ಇಲ್ಲೇ ಇತ್ರಿ, ಹತ್ತಕ್ಕ ಹೋಯ್ತು. ಅವ್ವ ಬಿಡಲಿಲ್ಲ. ಬರೋದಿಲ್ಲಂದ್ರ ಅಂವ ಬಂದು ಹೇಳ್ತಿದ್ದ, ಹಂಗಂತ ಓದ್ಯಾರ. ಹೇಳಿಲ್ಲಂದ್ರ ಬರ್ತಾನ, ಸುಮ್ಮ ಕೂಡು ಅಂದಳು. ಮಧ್ಯಾಹ್ನದ ತನ ಅದೇ ಅಂದಳು."

ಅವನೇ ಮುಂದುವರಿಸಿದ.

"ಇದು ಕಾಕಾಗೂ ಹೇಳೀನಿ. ಅಂಗಡಿ ಬಿಟ್ಟ ಮ್ಯಾಲ ಬಂದಿದ್ರು, ಕಣ್ಣು ಕಾಣಲಾರದೆ ಮಂದೀಗಿ ಕೇಳ್ಕೋತ ಕೇಳ್ಕೋತ. ಇಲ್ಲೇ ನಿಂತು ತಪ್ಪು ನಂದು ಅಂದ್ರು. ನಾ ಸಿಟ್ಟಿನಾಗ ಎಲ್ಲ ಅಂದುಬಿಟ್ಟೆ. ಬಸ್ ಹತ್ತಿಸಲಿಕ್ಕಿ ಹೋದಾಗ ನನ್ನ ಕೈ ಹಿಡಿದು, ನಮ್ಮ ಅಂಗಡ್ಯಾಗ ಒಂದು ಹೆಣ್ಮಗಳು ಅದಾಳಪ್ಪ, ಆಕಿ ಎಂದರ ಬಂದ್ರ ಇದೊಂದು ಮಾತು ಹೇಳಬ್ಯಾಡ ಅಂದ್ರು." ಅವನು ತಲೆ ಕೆಳಗೆ ಹಾಕಿದ. "ತಪ್ಪಾಯ್ತು ಅಕ್ಕ. ಬಾಯಿ ತಪ್ಪಿ ಹೇಳೀನಿ."

ಒಳಗಿನಿಂದ ಅವನ ಹೆಂಡತಿ ಚಹಾ ತಂದಳು. ಕುಡಿದೆನೋ ಇಲ್ಲವೋ ನೆನಪಿಲ್ಲ. ಸಂಜೆಯ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಕೂರಿ ಕೂರಿ ಎಂದು ಅವರಿಬ್ಬರೂ ಎಷ್ಟು ಹೇಳಿದರೂ ಆ ಕಟ್ಟೆಯ ಮೇಲೆ ಕೂರಲು ನನಗಾಗಲಿಲ್ಲ. ಬಸ್ಸು ಬರುವತನಕ ನಿಂತೇ ಇದ್ದೆ.